ಅಂಗಾಲಿನ ಗಂಟು: ಇದು ಆಣಿಯಾ, ನರುಲಿಯಾ? ಕಾರ್ನ್ ಕ್ಯಾಪ್ ಹಾಕಿದ ಮೇಲೆ ಒಂದು ಇದ್ದದ್ದು ಮೂರಾಗಿದೆ

ಸೀರೆಅಂಗಡಿ_ಉಡುಪಿ · ಜೂನ್ 21

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಮಾರ್ಚ್ ತಿಂಗಳಲ್ಲಿ ಬಲ ಅಂಗಾಲಿನಲ್ಲಿ, ಎರಡನೇ ಬೆರಳಿನ ಬುಡದ ಹತ್ತಿರ, ಚಪ್ಪಲಿಯೊಳಗೆ ಕಲ್ಲು ಹೊಕ್ಕ ಹಾಗೆ ಅನಿಸಲು ಶುರುವಾಯಿತು. ಎರಡು ಮೂರು ಸಲ ಚಪ್ಪಲಿ ಬಿಚ್ಚಿ ಕೊಡವಿದೆ. ಕಲ್ಲು ಇರಲಿಲ್ಲ. ಮನೆಗೆ ಬಂದು ನೋಡಿದರೆ ಕಡಲೆಬೇಳೆಯಷ್ಟು ದೊಡ್ಡ ಗಟ್ಟಿ ಚರ್ಮ.

ಅಂಗಡಿಯಲ್ಲಿ ಎಲ್ಲರೂ ಆಣಿ ಅಂದರು. ಮೆಡಿಕಲ್‌ನಲ್ಲಿ ಕೇಳಿದೆ, ಕಾರ್ನ್ ಕ್ಯಾಪ್ ಕೊಟ್ಟರು. ಮೂರು ದಿನ ಅಂಟಿಸಿಟ್ಟು ತೆಗೆದೆ. ಚರ್ಮ ನೆನೆದ ಅವಲಕ್ಕಿ ಹಾಗೆ ಬೆಳ್ಳಗಾಗಿತ್ತು. ಬೆರಳಿನಿಂದಲೇ ಸುಲಿದು ತೆಗೆದೆ. ನೋವು ಹೋಯಿತು, ಖುಷಿಯಾಯಿತು. ತಿಂಗಳು ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬಂತು. ಈಗ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಎರಡು ಮರಿ ಬೇರೆ.

ಇನ್ನು ಆಷಾಢ ಸೇಲ್ ಶುರುವಾದರೆ ಒಂದು ದಿನವೂ ರಜೆ ಸಿಗುವುದಿಲ್ಲ. ಈಗಲೇ ಕಾಲನ್ನು ಓರೆ ಇಟ್ಟು ನಡೆದು ಮಂಡಿಯೂ ನೋಯುತ್ತಿದೆ. ಮನೆಯಲ್ಲೇ ಗುಣ ಮಾಡಿಕೊಳ್ಳುವ ದಾರಿ ಉಂಟಾ? ಇದು ನಿಜವಾಗಿ ಆಣಿಯೇ ಹೌದಾ?

ಮಲ್ಪೆ_ಬೋಟು · ಜೂನ್ 21

ಅಕ್ಕ, ಮೊದಲು ಒಳಗೆ ಮುಳ್ಳು ಹೊಕ್ಕಿದೆಯಾ ನೋಡಿ. ನನ್ನ ಕೆಲಸ ಬಂದರಿನಲ್ಲಿ. ಎರಡು ವರ್ಷದ ಹಿಂದೆ ಹಿಮ್ಮಡಿಯಲ್ಲಿ ಇದೇ ತರ ಗಂಟಾಗಿತ್ತು. ಆರು ತಿಂಗಳು ಆಣಿ ಅಂತಲೇ ಕೆರೆದುಕೊಂಡು ಇದ್ದೆ. ಕಡೆಗೆ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬಿಡಿಸಿದರೆ ಒಳಗೆ ಅಕ್ಕಿಕಾಳಿನ ಉದ್ದದ ಮೀನಿನ ಮುಳ್ಳು. ಅದರ ಸುತ್ತ ಮಾಂಸ ಗಟ್ಟಿಯಾಗಿ ಕೂತಿತ್ತು. ಶುರುವಾಗುವ ಮುಂಚೆ ಏನಾದರೂ ಚುಚ್ಚಿದ ನೆನಪು ಉಂಟಾ?

ಸೀರೆಅಂಗಡಿ_ಉಡುಪಿ · ಜೂನ್ 21

ಇಲ್ಲ ಅಣ್ಣ. ಚುಚ್ಚಿದ ನೆನಪೇ ಇಲ್ಲ. ಮತ್ತೆ ಮುಳ್ಳಾದರೆ ಮರಿ ಹಾಕುವುದಿಲ್ಲ ಅಲ್ವಾ?

ಚರ್ಮದ_ಡಾಕ್ಟ್ರು · ಜೂನ್ 22

ನಾನು ಮಂಗಳೂರಿನಲ್ಲಿ ಚರ್ಮರೋಗ ವೈದ್ಯೆ. ಕಾಲು ಕಣ್ಣಾರೆ ನೋಡದೆ ಇದು ಇಂಥದ್ದೇ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ನೀವೇ ಮನೆಯಲ್ಲಿ ನೋಡಿಕೊಳ್ಳುವ ರೀತಿ ಹೇಳಬಹುದು. ಔಷಧಿ ಯಾವುದು ಅನ್ನುವ ಮಾತು ಆಮೇಲೆ. ಆಣಿಗೆ ಮಾಡಬೇಕಾದದ್ದು ಬೇರೆ, ನರುಲಿಗೆ ಮಾಡಬೇಕಾದದ್ದು ಬೇರೆ.

ಸ್ನಾನ ಆದ ಮೇಲೆ, ಇಲ್ಲವೇ ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಕಾಲಿಟ್ಟ ಮೇಲೆ, ಒರೆಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ನಿಮಗೆ ಬಗ್ಗಿ ನೋಡಲು ಆಗದಿದ್ದರೆ ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೋ ತೆಗೆಸಿ ದೊಡ್ಡದು ಮಾಡಿ ನೋಡಿ.

ಮೊದಲು ಗೆರೆ ನೋಡಬೇಕು. ಅಂಗಾಲಿನಲ್ಲೂ ಹೆಬ್ಬೆಟ್ಟಿನ ಗುರುತಿನ ಹಾಗೆ ಸಣ್ಣ ಸಣ್ಣ ಗೆರೆಗಳಿವೆ. ಆಣಿಯಲ್ಲಿ, ಜಡ್ಡುಗಟ್ಟಿದ ಚರ್ಮದಲ್ಲಿ ಆ ಗೆರೆಗಳು ಗಂಟಿನ ಮೇಲೂ ಹಾಗೇ ಹಾದು ಹೋಗುತ್ತವೆ. ನರುಲಿಯಾದರೆ ಅದರ ಅಂಚಿಗೆ ಬಂದು ತುಂಡಾಗುತ್ತವೆ. ಹೊಳೆಯ ನೀರು ಬಂಡೆ ಬಳಸಿ ಹೋದ ಹಾಗೆ ಸುತ್ತ ತಿರುಗಿ ಹೋಗುತ್ತವೆ.

ಆಮೇಲೆ ಚುಕ್ಕೆ. ನರುಲಿಯ ಒಳಗೆ ರಾಗಿಗಿಂತ ಸಣ್ಣ ಕಪ್ಪು ಅಥವಾ ಕಂದು ಚುಕ್ಕೆಗಳು ಕಾಣಬಹುದು. ಜನ ಅದನ್ನು ಬೀಜ ಅನ್ನುತ್ತಾರೆ. ಅದು ಕೂದಲಿನಷ್ಟು ತೆಳ್ಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಮೇಲಿನ ಗಟ್ಟಿ ಚರ್ಮ ದಪ್ಪ ಇದ್ದರೆ ಕಾಣದೆಯೂ ಇರಬಹುದು. ಆಣಿಯಲ್ಲಿ ಚುಕ್ಕೆ ಇರುವುದಿಲ್ಲ, ಮಧ್ಯದಲ್ಲಿ ಮೇಣದ ಹಾಗೆ ಸ್ವಲ್ಪ ಪಾರದರ್ಶಕವಾದ ಗಟ್ಟಿ ತಿರುಳು ಇರುತ್ತದೆ.

ಕೊನೆಗೆ ಒತ್ತಿ ನೋಡಿ. ಮೇಲಿಂದ ನೇರ ಒತ್ತಿದಾಗ ಜಾಸ್ತಿ ನೋವಾದರೆ ಆಣಿ ಇರಬಹುದು. ಎರಡು ಬೆರಳಲ್ಲಿ ಬದಿಯಿಂದ ಚಿವುಟಿದಾಗ ಜಾಸ್ತಿ ನೋವಾದರೆ ನರುಲಿ. ಮೂರನ್ನೂ ಸೇರಿಸಿಯೇ ತೀರ್ಮಾನಕ್ಕೆ ಬನ್ನಿ, ಒಂದನ್ನೇ ನಂಬಬೇಡಿ.

ಒಂದು ಮುಖ್ಯ ಪ್ರಶ್ನೆ. ನಿಮಗೆ ಸಕ್ಕರೆ ಕಾಯಿಲೆ ಉಂಟಾ? ಕಾಲು ಜೋಮು ಹಿಡಿಯುವುದು, ಮುಟ್ಟಿದ್ದು ಗೊತ್ತಾಗದಿರುವುದು? ಗರ್ಭಿಣಿಯಾ?

ಸೀರೆಅಂಗಡಿ_ಉಡುಪಿ · ಜೂನ್ 22

ಸಕ್ಕರೆ ಇಲ್ಲ ಡಾಕ್ಟ್ರೇ. ಹೋದ ತಿಂಗಳಷ್ಟೇ ಪರೀಕ್ಷೆ ಮಾಡಿಸಿದ್ದೆ. ಗರ್ಭಿಣಿಯೂ ಅಲ್ಲ.

ನೀವು ಹೇಳಿದ ಹಾಗೇ ಮಾಡಿದೆ. ನಮ್ಮವರು ಮೊಬೈಲ್ ಟಾರ್ಚ್ ಹಾಕಿ ಫೋಟೋ ತೆಗೆದರು. ದೊಡ್ಡದು ಮಾಡಿ ನೋಡಿದರೆ ಗೆರೆ ಸರಿಯಾಗಿ ಅಂಚಿನಲ್ಲೇ ನಿಂತಿದೆ. ಒಳಗೆ ಹೂಕೋಸಿನ ತಲೆ ಹಾಗೆ ಒರಟು. ಚುಕ್ಕೆ ಎಣಿಸಿದೆವು, ಐದು. ನೇರ ಒತ್ತಿದರೆ ಸಹಿಸಬಹುದು. ಬದಿಯಿಂದ ಚಿವುಟಿದಾಗ ಜೀವ ಹೋದ ಹಾಗಾಯಿತು. ಮೂರು ತಿಂಗಳಿಂದ ಆಣಿ ಆಣಿ ಅಂತ ಹೇಳಿಕೊಂಡು ತಿರುಗಿದೆನಲ್ಲ!

ಚರ್ಮದ_ಡಾಕ್ಟ್ರು · ಜೂನ್ 22

ಹಾಗಾದರೆ ನರುಲಿಯ ಲಕ್ಷಣವೇ ಜಾಸ್ತಿ. ಹೆದರುವಂಥದ್ದಲ್ಲ. ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಆ ಹೆಸರು ಕೇಳಿ ಗಾಬರಿಯಾಗಬೇಡಿ. ಆ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆ. ಕಾಲಿಗೆ ಬರುವ 1, 2, 4ರಂಥ ಬಗೆಗಳು ಬೇರೆ, ಗರ್ಭಕೊರಳಿನ ಕ್ಯಾನ್ಸರ್ ತರುವ 16, 18 ಬೇರೆ.

ಕಣ್ಣಿಗೆ ಕಾಣದ ಬಿರುಕಿನಿಂದ ಒಳಗೆ ಹೋಗುತ್ತದೆ. ಒದ್ದೆಯಲ್ಲಿ ನೆನೆದು ಮೆತ್ತಗಾದ ಚರ್ಮ ಅಂದರೆ ಅದಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಒಳಗೆ ಹೋಗಿ ಗಂಟು ಕಾಣಲು ಕೆಲವು ವಾರದಿಂದ ಕೆಲವು ತಿಂಗಳು ಹಿಡಿಯುತ್ತದೆ. ಹಾಗಾಗಿ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟ. ಕೈಯಲ್ಲಾದರೆ ಮೇಲಕ್ಕೆ ಬೆಳೆಯುತ್ತದೆ. ಅಂಗಾಲಿನಲ್ಲಿ ಮೈಭಾರ ಬಿದ್ದು ಒಳಕ್ಕೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಅದಕ್ಕೇ ಕಲ್ಲು ತುಳಿದ ಹಾಗೆ ನೋವು. ಬೇರು ಅಂತ ಇರುವುದಿಲ್ಲ. ಅದು ಇರುವುದು ಚರ್ಮದ ಮೇಲಿನ ಪದರದಲ್ಲಿ. ಬೇರು ಕೀಳುತ್ತೇನೆ ಅಂತ ಬ್ಲೇಡ್, ಪಿನ್ನು ಹಿಡಿದು ಅಗೆಯಬೇಡಿ.

ಬೆರಳಿನಿಂದ ಸುಲಿದೆ ಅಂದಿರಲ್ಲ, ಮರಿ ಬಂದದ್ದು ಬಹುಶಃ ಅದರಿಂದಲೇ. ಕ್ಯಾಪಿನ ಔಷಧಿ ಸುತ್ತಲಿನ ಒಳ್ಳೆಯ ಚರ್ಮವನ್ನೂ ಮೆತ್ತಗೆ ಮಾಡಿರುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ನೋಡಿ.

ಹಳೇಮನೆ_ಕಾರ್ಕಳ · ಜೂನ್ 22

ನಮ್ಮ ಅಜ್ಜಿ ಗೇರುಬೀಜದ ಸಿಪ್ಪೆ ಸುಟ್ಟು ಎಣ್ಣೆ ತೆಗೆದು ಹಚ್ಚುತ್ತಿದ್ದರು. ಹಿಮ್ಮಡಿ ಒಡೆದರೂ ಅದೇ, ಆಣಿಗೂ ಅದೇ, ನರುಲಿಗೂ ಅದೇ. ಒಂದೇ ಸಲಕ್ಕೆ ಸುಟ್ಟು ಹೋಗುತ್ತದೆ. ಹಳ್ಳಿಯಲ್ಲಿ ಹುಡುಕಿದರೆ ಸಿಗಬಹುದು.

ಗೇರುಗುಡ್ಡೆ · ಜೂನ್ 22

ದಯವಿಟ್ಟು ಬೇಡ ಮಾರಾಯ್ರೆ. ನನ್ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಬೀಜ ಒಡೆದವರು. ಆ ಎಣ್ಣೆ ಕೈಗೆ ತಾಗಬಾರದು ಅಂತ ಬೂದಿ, ಎಣ್ಣೆ ಸವರಿಕೊಂಡು ಕೂರುತ್ತಿದ್ದರು. ಆದರೂ ಅವರ ಬೆರಳ ತುದಿ ಈಗಲೂ ಕಪ್ಪು, ಚರ್ಮ ಸುಲಿದು ಸುಲಿದು ಗೆರೆಯೇ ಉಳಿದಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಹೆಬ್ಬೆರಳಿನ ಕೆಳಗೆ ನರುಲಿ ಆಗಿತ್ತು. ಗೆಳೆಯ ಹೇಳಿದ ಅಂತ ಅಮ್ಮನಿಗೆ ಗೊತ್ತಾಗದ ಹಾಗೆ ಒಂದು ಹನಿ ಬಿಟ್ಟುಕೊಂಡೆ. ರಾತ್ರಿ ಕಾಲು ಕೆಂಡದ ಮೇಲಿಟ್ಟ ಹಾಗೆ ಆಯಿತು. ಬೆಳಿಗ್ಗೆ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಬೊಬ್ಬೆ. ಒಡೆದು ಕೀವಾಗಿ ಹದಿನೈದು ದಿನ ಶಾಲೆಗೆ ಹೋಗಲಿಲ್ಲ. ಗುಣವಾದ ಮೇಲೆ ನೋಡಿದರೆ ನರುಲಿ ಅಲ್ಲೇ ಇತ್ತು. ಕಲೆ ಮಾತ್ರ ಹೊಸದಾಗಿ ಬಂದಿತ್ತು. ಅಮ್ಮ ಬೈಯಲಿಲ್ಲ, ನನ್ನ ಕಾಲು ಹಿಡಿದುಕೊಂಡು ಅತ್ತರು. ಅದು ಇವತ್ತಿಗೂ ಮರೆತಿಲ್ಲ.

ಚರ್ಮದ_ಡಾಕ್ಟ್ರು · ಜೂನ್ 23

ಗೇರುಗುಡ್ಡೆಯವರು ಹೇಳಿದ್ದು ಅಕ್ಷರಶಃ ನಿಜ, ಅಂಥ ಕಾಲು ನಾನೂ ನೋಡಿದ್ದೇನೆ. ಅಜ್ಜಿಯಂದಿರಿಗೆ ಏನೂ ತಿಳಿದಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಗೇರು ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಸಿಡ್, ನಾವು ನರುಲಿಗೆ ಬರೆಯುವ ಸ್ಯಾಲಿಸಿಲಿಕ್ ಆಸಿಡ್‌ನ ಹತ್ತಿರದ ಸಂಬಂಧಿಯೇ. ಆದರೆ ಅದರ ಜೊತೆಗೇ ಕಾರ್ಡೋಲ್ ಎಂಬ ವಸ್ತು ಇದೆ. ಬೊಬ್ಬೆ ಎಬ್ಬಿಸುವುದರಲ್ಲಿ ಅದರ ಪಾಲು ದೊಡ್ಡದು. ಎಷ್ಟು ಗಾಢ, ಎಷ್ಟು ಹನಿ, ಯಾವುದಕ್ಕೂ ಲೆಕ್ಕವಿಲ್ಲ. ಎಕ್ಕದ ಹಾಲು, ಕಳ್ಳಿ ಹಾಲು, ಸುಣ್ಣಕ್ಕೆ ಸೋಪು ಕಲಸಿ ಹಚ್ಚುವುದು, ಜಜ್ಜಿದ ಬೆಳ್ಳುಳ್ಳಿ ಕಟ್ಟಿ ಮಲಗುವುದು, ಇವೆಲ್ಲವೂ ಹಾಗೇ. ಲೆಕ್ಕವಿರುವ ಆಸಿಡ್ ಔಷಧಿ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುವಾಗ ಲೆಕ್ಕವಿಲ್ಲದ್ದು ಯಾಕೆ?

ಔಷಧಿಅಂಗಡಿ_ಸುರತ್ಕಲ್ · ಜೂನ್ 23

ಆ ಬಾಟಲಿ ಹೇಗೆ ಬಳಸಬೇಕು ಅಂತ ನಾನು ಹೇಳುತ್ತೇನೆ, ಕೌಂಟರಿನಲ್ಲಿ ನಿಂತು ಹೇಳಲು ಸಮಯ ಸಿಗುವುದೇ ಇಲ್ಲ. ಹಿಂದೆ ಗಿರಾಕಿ ಕಾಯುತ್ತಿರುತ್ತಾರೆ, ಪೊಟ್ಟಣ ಕಟ್ಟಿ ಕೊಟ್ಟುಬಿಡುತ್ತೇವೆ. ನಿಮಗೂ ಹಾಗೇ ಆಗಿರುತ್ತದೆ ಅಕ್ಕ. ಅದು ನಮ್ಮ ಕಡೆಯ ತಪ್ಪೇ.

ನರುಲಿಗೆ ಕೊಡುವ ದ್ರವ ಔಷಧಿಗೆ ಪೇಂಟ್ ಅನ್ನುತ್ತೇವೆ. ಅದರಲ್ಲಿ ಸ್ಯಾಲಿಸಿಲಿಕ್ ಆಸಿಡ್ ಸುಮಾರು 17%, ಜೊತೆಗೆ ಹೆಚ್ಚಾಗಿ ಅಷ್ಟೇ ಲ್ಯಾಕ್ಟಿಕ್ ಆಸಿಡ್ ಇರುತ್ತದೆ. ಕಾರ್ನ್ ಕ್ಯಾಪ್‌ನಲ್ಲೂ ಸ್ಯಾಲಿಸಿಲಿಕ್ ಆಸಿಡ್ಡೇ ಇರುವುದು, ಆದರೆ 40%. ಮೂರು ದಿನ ಹಾಕಿ ಬಿಟ್ಟರೆ ಮೇಲಿನ ಚರ್ಮ ಸುಲಿಯುತ್ತದೆ ಅಷ್ಟೇ, ಕೆಳಗಿರುವುದು ಮತ್ತೆ ಎದ್ದು ಬರುತ್ತದೆ.

ರಾತ್ರಿ ಮಲಗುವ ಮುಂಚೆ ಮಾಡಿ. ಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಕಾಲಿಡಿ. ಬೆಳ್ಳಗೆ ಮೆತ್ತಗಾದ ಸತ್ತ ಚರ್ಮವನ್ನು ಉಗುರು ಉಜ್ಜುವ ಕಾಗದದ ಪಟ್ಟಿಯಲ್ಲಿ ಮೆಲ್ಲ ಉಜ್ಜಿ ತೆಗೆಯಿರಿ. ನೋವಾದರೆ, ರಕ್ತ ಕಂಡರೆ ನಿಲ್ಲಿಸಿ. ಆ ಪಟ್ಟಿಯಲ್ಲಿ ಬೇರೆ ಏನನ್ನೂ ಉಜ್ಜಬೇಡಿ, ಬೇರೆಯವರಿಗೆ ಕೊಡಬೇಡಿ. ಕಾಲನ್ನು ಪೂರ್ತಿ ಒರೆಸಿ ಒಣಗಿಸಿ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್‌ನಲ್ಲಿ ಒಂದು ಬೇಲಿ ಹಾಕಿ. ಬಾಟಲಿಯ ಕುಂಚ ದಪ್ಪ ಇರುತ್ತದೆ, ಸಾಸಿವೆ ಗಾತ್ರದ ಮರಿಗೆ ಅದು ಬೇಡ. ಹೊಸ ಹಿಡಿಸೂಡಿ (ಪೊರಕೆ) ಕಡ್ಡಿಯ ತುದಿ ಅದ್ದಿ ಒಂದು ಚುಕ್ಕೆ ಇಡಿ. ಒಣಗಿದಾಗ ಬಿಳಿ ಪೊರೆ ಹಾಗೆ ಕಾಣುತ್ತದೆ. ಅದರ ಮೇಲೆ ಟೇಪ್ ಅಂಟಿಸಿ ಮಲಗಿ. ಮರುದಿನ ರಾತ್ರಿ ಹಳೆ ಪೊರೆ ತೆಗೆದು ಮತ್ತೆ ಅದೇ.

ಮೂರು ಎಚ್ಚರಿಕೆ. ಒಲೆ, ದೀಪದ ಹತ್ತಿರ ಬಾಟಲಿ ತೆರೆಯಬೇಡಿ, ಥಟ್ಟನೆ ಹತ್ತಿಕೊಳ್ಳುತ್ತದೆ. ಮುಚ್ಚಳ ಬಿಗಿ ಹಾಕಿ, ಇಲ್ಲದಿದ್ದರೆ ವಾರದಲ್ಲಿ ಅಂಟಾಗಿ ಕೂರುತ್ತದೆ. ಮುಖಕ್ಕೆ, ಮರ್ಮಾಂಗಕ್ಕೆ, ಮಚ್ಚೆಗೆ ಇದನ್ನು ಯಾವತ್ತೂ ಹಚ್ಚಬಾರದು.

ಸೀರೆಅಂಗಡಿ_ಉಡುಪಿ · ಜೂನ್ 23

ಎಷ್ಟು ದಿನ ಹಚ್ಚಬೇಕು?

ಔಷಧಿಅಂಗಡಿ_ಸುರತ್ಕಲ್ · ಜೂನ್ 23

12 ವಾರದವರೆಗೆ. ಹೌದು, ಮೂರು ತಿಂಗಳು.

ಚರ್ಮದ_ಡಾಕ್ಟ್ರು · ಜೂನ್ 24

ಇದನ್ನು ಕೇಳಿದ ಕೂಡಲೇ ಎಲ್ಲರೂ ನನ್ನ ಹತ್ತಿರ ಹೇಳುವ ಮಾತು, ಅಷ್ಟು ದಿನ ಆಗುವುದಿಲ್ಲ, ಹೆಪ್ಪುಗಟ್ಟಿಸಿ ತೆಗೆದುಬಿಡಿ ಅಂತ. ಹೆಪ್ಪುಗಟ್ಟಿಸುವುದು ದ್ರವ ಸಾರಜನಕದಿಂದ, ಅದು ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುತ್ತದೆ, ನಾವೂ ಅದನ್ನು ಬಳಸುತ್ತೇವೆ. ಒಂದು ಸಲಕ್ಕೆ ಮುಗಿಯುವುದು ಕಡಿಮೆ, ಎರಡು ಮೂರು ವಾರಕ್ಕೊಮ್ಮೆ ಬರಬೇಕು, ಅಂಗಾಲಿನಲ್ಲಿ ನೋವೂ ಜಾಸ್ತಿ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 240 ಜನರ ಮೇಲೆ ಒಂದು ಪರೀಕ್ಷೆ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಹೆಪ್ಪುಗಟ್ಟಿಸುವ ಚಿಕಿತ್ಸೆ, ಇನ್ನೊಂದು ಗುಂಪು ಮನೆಯಲ್ಲೇ 50% ಸ್ಯಾಲಿಸಿಲಿಕ್ ಆಸಿಡ್ ಹಚ್ಚಿಕೊಂಡಿತು. 12 ವಾರಕ್ಕೆ ಪೂರ್ತಿ ಗುಣವಾದವರು ಎರಡೂ ಕಡೆ 14%.

ಇದನ್ನು ನಿಮ್ಮ ಧೈರ್ಯ ಕೆಡಿಸಲು ಹೇಳುತ್ತಿಲ್ಲ. ಅಂಗಾಲಿನ ನರುಲಿ ಹಟಮಾರಿ, ಯಾವ ಚಿಕಿತ್ಸೆಗೂ ಸಮಯ ಬೇಕು. ಮನೆಯಲ್ಲಿ ಮಾಡಿದ್ದು ಆಸ್ಪತ್ರೆಯಲ್ಲಿ ಮಾಡಿದ್ದಕ್ಕಿಂತ ಕೀಳು ಅಂತ ಭಾವಿಸುವುದು ಬೇಡ. ಆಸಿಡ್ ವೈರಸ್ಸನ್ನು ನೇರ ಕೊಲ್ಲುವುದಿಲ್ಲ. ಸೋಂಕಿನ ಚರ್ಮವನ್ನು ಪದರ ಪದರವಾಗಿ ತೆಗೆಯುತ್ತದೆ, ಆ ಕಿರಿಕಿರಿಗೆ ದೇಹದ ರಕ್ಷಣಾ ಶಕ್ತಿಯೂ ಎಚ್ಚರಗೊಳ್ಳುತ್ತದೆ. ಕಡೆಗೆ ಓಡಿಸುವುದು ದೇಹವೇ.

ಪಡುಬಿದ್ರಿ_ಮಗ · ಜೂನ್ 24

ಡಾಕ್ಟ್ರೇ, ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಅಪ್ಪನಿಗೆ 64, ಸಕ್ಕರೆ ಬಂದು 14 ವರ್ಷ. ಹೆಬ್ಬೆರಳಿನ ಕೆಳಗೆ ದಪ್ಪ ಆಣಿ ಉಂಟು. ತಿಂಗಳಿಗೊಮ್ಮೆ ಗಡ್ಡದ ಬ್ಲೇಡಿನಲ್ಲಿ ತಾವೇ ಕೆತ್ತಿಕೊಳ್ಳುತ್ತಾರೆ. ನೋವೇ ಇಲ್ಲ ಅನ್ನುತ್ತಾರೆ. ಈ ಪೇಂಟ್ ಅವರಿಗೂ ಹಚ್ಚಬಹುದಾ?

ಚರ್ಮದ_ಡಾಕ್ಟ್ರು · ಜೂನ್ 24

ಹಚ್ಚಬೇಡಿ. ಕಾರ್ನ್ ಕ್ಯಾಪೂ ಬೇಡ. ಬ್ಲೇಡ್ ಇವತ್ತೇ ಎತ್ತಿಡಿ. ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನೋವಿಲ್ಲ ಅನ್ನುವುದೇ ನನಗೆ ಹೆದರಿಕೆ ಹುಟ್ಟಿಸುವ ಮಾತು. ಎಷ್ಟೋ ವರ್ಷದ ಸಕ್ಕರೆಯಲ್ಲಿ ಕಾಲಿನ ನರ ಸೋತಿರುತ್ತದೆ. ಕೆತ್ತಿದ್ದು ಗೊತ್ತಾಗುವುದಿಲ್ಲ, ಆಸಿಡ್ ಸುಟ್ಟದ್ದೂ ಗೊತ್ತಾಗುವುದಿಲ್ಲ. ದಪ್ಪ ಆಣಿಯ ಅಡಿಯಲ್ಲಿ ಕಾಣದ ಹಾಗೆ ಹುಣ್ಣು ಇರಬಹುದು. ಬಿಸಿನೀರಲ್ಲಿ ಕಾಲಿಡುವುದೂ ಬೇಡ, ಬಿಸಿ ಎಷ್ಟು ಅಂತ ಅವರ ಕಾಲಿಗೆ ತಿಳಿಯದಿರಬಹುದು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೇ ಹೋಗಿ, ಮಂಗಳೂರು ಹತ್ತಿರವಾದರೆ ವೆನ್ಲಾಕ್ ಆಸ್ಪತ್ರೆಗೆ ಹೋಗಿ, ಎಲ್ಲಾದರೂ ಸರಿ. ಎರಡೂ ಪಾದ ತೋರಿಸಿ. ನೈಲಾನ್ ದಾರದಂಥ ಒಂದು ಎಳೆಯಲ್ಲಿ ಅಂಗಾಲು ಮುಟ್ಟಿ ಸ್ಪರ್ಶ ಪರೀಕ್ಷೆ ಮಾಡುತ್ತಾರೆ. ಅದನ್ನು ಕೇಳಿ ಮಾಡಿಸಿ.

ಪಡುಬಿದ್ರಿ_ಮಗ · ಜೂನ್ 27

ಹೋಗಿ ಬಂದೆವು. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಆ ಎಳೆಯನ್ನು ಎಂಟು ಕಡೆ ಮುಟ್ಟಿಸಿದರು. ಮೂರು ಕಡೆ ಮಾತ್ರ ಅಪ್ಪ ಹ್ಞೂಂ ಅಂದರು. ಉಳಿದ ಐದು ಕಡೆ ಮುಟ್ಟಿದ್ದು ನನಗೆ ಕಾಣುತ್ತಿತ್ತು, ಅಪ್ಪನಿಗೆ ಗೊತ್ತಾಗಲಿಲ್ಲ. ಇನ್ನೂ ಶುರು ಮಾಡಲಿಲ್ಲವಾ ಅಂತ ಕೇಳಿದರು.

ಆಣಿಯ ಮೇಲಿನ ಪದರ ತೆಗೆದಾಗ ಅಡಿಯಲ್ಲಿ ಮೆಣಸಿನ ಕಾಳು ಕೂರುವಷ್ಟು ಗುಳಿ. ಎಲುಬಿಗೆ ತಾಗಿಲ್ಲ, ಸರಿಯಾದ ಸಮಯಕ್ಕೆ ಬಂದಿರಿ ಅಂದರು. ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಸ್ಪಂಜಿನಂಥ ರಬ್ಬರಿನ ಮೆತ್ತಗಿನ ಎಂಸಿಆರ್ ಚಪ್ಪಲಿ ಬರೆದುಕೊಟ್ಟಿದ್ದಾರೆ, ಮನೆಯೊಳಗೂ ಬರಿಗಾಲು ಬೇಡ ಅಂದಿದ್ದಾರೆ. ಡಾಕ್ಟ್ರೇ, ನಿಮ್ಮ ಮಾತು ಓದದಿದ್ದರೆ ಆ ಪೇಂಟ್ ನಾನೇ ನನ್ನ ಕೈಯಾರೆ ಹಚ್ಚುತ್ತಿದ್ದೆ.

ದಿಗಿಣ · ಜೂನ್ 28

ನನ್ನದು ನಿಜವಾದ ಆಣಿಯ ಕತೆ, ಬೇಕಾದವರಿಗೆ ಉಪಯೋಗಕ್ಕೆ ಬರಲಿ. ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ. ದಿಗಿಣ ಹಾರಿ ಇಳಿಯುವಾಗ ಭಾರವೆಲ್ಲ ಬೆರಳಿನ ಬುಡಕ್ಕೆ. ಹಗಲಲ್ಲಿ ಆಫೀಸಿಗೆ ಮುಂದೆ ಚೂಪಾದ ಶೂ. ಕಿರುಬೆರಳಿನ ಮೇಲೊಂದು, ಅಡಿಯಲ್ಲೊಂದು ಆಣಿ. ಮೂರು ವರ್ಷ ಕ್ಯಾಪ್ ಹಾಕುವುದು, ಮತ್ತೆ ಬರುವುದು, ಅದೇ ಆಟ. ಕಡೆಗೆ ಒಬ್ಬ ಡಾಕ್ಟರು ಕಾಲು ನೋಡುವ ಮುಂಚೆ ಶೂ ಬಿಚ್ಚಿಸಿ ಶೂವನ್ನೇ ನೋಡಿದರು. ಒಳಗೆ ಸರಿಯಾಗಿ ಆಣಿ ಇರುವ ಜಾಗದಲ್ಲೇ ಚರ್ಮ ಸವೆದು ಹೊಳೆಯುತ್ತಿತ್ತು.

ಮುಂದೆ ಅಗಲ ಇರುವ ಶೂ ತಗೊಂಡೆ. ಫೆಲ್ಟ್ ಪಟ್ಟಿಯನ್ನು ಉಂಗುರದ ಹಾಗೆ ಕತ್ತರಿಸಿ ಆಣಿಯ ಸುತ್ತ ಅಂಟಿಸಿಕೊಂಡೆ, ಭಾರ ಉಂಗುರದ ಮೇಲೆ ಬೀಳುತ್ತದೆ, ಆಣಿಯ ಮೇಲೆ ಬೀಳುವುದಿಲ್ಲ. ರಾತ್ರಿ ನೆನೆಸಿ ಉಜ್ಜಿ ಯೂರಿಯಾ ಇರುವ ಕ್ರೀಮ್. ಎರಡು ತಿಂಗಳಲ್ಲಿ ಹೋಯಿತು. ಒತ್ತು ಇರುವವರೆಗೆ ಆಣಿ ಹೋಗುವುದಿಲ್ಲ ಅಂತ ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಬಿಜೈ_ಅಮ್ಮ · ಜೂನ್ 29

ನನಗೆ ಬೆರಳ ಸಂದಿಯಲ್ಲಿ ಬೆಳ್ಳಗೆ, ಒದ್ದೆ ಒದ್ದೆ, ಒತ್ತಿದರೆ ನೋವು. ಮಳೆಗಾಲದ ಕೆಸರು ಹುಣ್ಣು ಅಂತ ಪೌಡರ್ ಹಾಕುತ್ತಿದ್ದೇನೆ. ಕಡಿಮೆಯೇ ಆಗುತ್ತಿಲ್ಲ.

ಚರ್ಮದ_ಡಾಕ್ಟ್ರು · ಜೂನ್ 29

ಒಂದೇ ಸಂದಿಯಲ್ಲಿ, ಒಂದೇ ಜಾಗದಲ್ಲಿ ಇದ್ದರೆ ಮೆತ್ತನೆ ಆಣಿ ಇರಬಹುದು. ಎರಡು ಬೆರಳಿನ ಎಲುಬು ಒಂದಕ್ಕೊಂದು ಉಜ್ಜಿ ಆಗುತ್ತದೆ, ಬೆವರಿಗೆ ಮೆತ್ತಗಿರುತ್ತದೆ. ತುರಿಕೆ ಇದ್ದು ಹರಡುತ್ತಿದ್ದರೆ ಶಿಲೀಂಧ್ರ. ನಡುವೆ ಸ್ವಲ್ಪ ಹತ್ತಿ ಇಟ್ಟು ಬೆರಳು ದೂರ ಮಾಡಿ, ಒಣಗಿಸಿಡಿ. ಅಲ್ಲಿ ಆಸಿಡ್ ಬೇಡ.

ಸೀರೆಅಂಗಡಿ_ಉಡುಪಿ · ಜುಲೈ 6

ಪೇಂಟ್ ಶುರು ಮಾಡಿ 11 ದಿನ. ತಪ್ಪು ಮಾಡಿಕೊಂಡೆ. ಬೇಗ ಹೋಗಲಿ ಅಂತ ಬೆಳಿಗ್ಗೆಯೂ ಹಚ್ಚಿದೆ, ವ್ಯಾಸಲಿನ್ ಬಿಟ್ಟೆ. ಸುತ್ತ ಕೆಂಪಾಗಿ ಹಸಿ ಗಾಯದ ಹಾಗೆ ಉರಿಯುತ್ತಿದೆ. ಅಂಗಡಿಯಲ್ಲಿ ನಿಲ್ಲಲು ಆಗದೆ ನಿನ್ನೆ ಗೋದಾಮಿನಲ್ಲಿ ಸೀರೆ ಮಡಚುವ ನೆಪದಲ್ಲಿ ಕೂತಿದ್ದೆ.

ಚರ್ಮದ_ಡಾಕ್ಟ್ರು · ಜುಲೈ 6

ಪೂರ್ತಿ ನಿಲ್ಲಿಸಿ. ಉರಿ ಹೋಗುವವರೆಗೆ, ಮೂರು ನಾಲ್ಕು ದಿನ ಆಗಲಿ, ಬರೀ ವ್ಯಾಸಲಿನ್ ಮತ್ತು ಟೇಪ್. ಕೀವು, ಬಿಸಿ, ಮೇಲಕ್ಕೆ ಹರಡುವ ಕೆಂಪು ಕಂಡರೆ ತೋರಿಸಿ. ಆಮೇಲೆ ರಾತ್ರಿ ಒಂದು ಸಲ ಮಾತ್ರ. ದಿಗಿಣ ಅವರು ಹೇಳಿದ ಉಂಗುರದ ಪಟ್ಟಿ ನಿಮಗೂ ಆಗುತ್ತದೆ. ನರುಲಿ ಅದರಿಂದ ಗುಣವಾಗದು, ಹಗಲಿನ ನೋವು ತಗ್ಗುತ್ತದೆ.

ಮನೆಯವರ ಕಾಲು ನೋಡಿದಿರಾ?

ಸೀರೆಅಂಗಡಿ_ಉಡುಪಿ · ಜುಲೈ 7

ನೋಡಿದೆ. ನಮ್ಮ ಬಚ್ಚಲಲ್ಲಿ ಒಂದು ಒರಟು ಕಲ್ಲು ಉಂಟು. ಅತ್ತೆ ಮದುವೆಯಾಗಿ ಬಂದಾಗಿನಿಂದ ಇರುವ ಕಲ್ಲು. ಸ್ನಾನ ಮಾಡುವಾಗ ಎಲ್ಲರೂ ಹಿಮ್ಮಡಿ ಉಜ್ಜುವುದು ಅದಕ್ಕೇ. ಗಂಟು ಬಂದ ಮೇಲೆ ನಾನು ದಿನಾ ಅಂಗಾಲನ್ನೂ ಅದಕ್ಕೇ ಉಜ್ಜುತ್ತಿದ್ದೆ, ಸವೆದು ಹೋಗಲಿ ಅಂತ. ಎಂಟು ವರ್ಷದ ಮಗನ ಎಡಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಒಂದು ಉಂಟು. ಅವನಿಗೆ ನೋವಿಲ್ಲ, ಅದಕ್ಕೇ ಹೇಳಿರಲಿಲ್ಲ. ನನ್ನಿಂದಲೇ ಬಂತಾ ಅಂತ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಅವನಿಗೂ ಪೇಂಟ್ ಹಚ್ಚಲಾ?

ಚರ್ಮದ_ಡಾಕ್ಟ್ರು · ಜುಲೈ 7

ನಿಮ್ಮಿಂದ ಅವನಿಗೋ, ಅವನಿಂದ ನಿಮಗೋ, ಶಾಲೆಯಿಂದ ಇಬ್ಬರಿಗೂ ಬಂತೋ, ಯಾರು ಹೇಳಬಲ್ಲರು? ಆ ಚಿಂತೆ ಬಿಡಿ, ನಿದ್ದೆ ಮಾಡಿ. ಮಕ್ಕಳಲ್ಲಿ ನರುಲಿ ತಾನಾಗಿ ಹೋಗುವುದೇ ಜಾಸ್ತಿ, ಎರಡು ವರ್ಷದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಹೋಗುತ್ತವೆ. ನೋವಿಲ್ಲದಿದ್ದರೆ ಕಾಯುವುದೂ ಒಂದು ಚಿಕಿತ್ಸೆಯೇ. ಈಜಲು ಹೋದರೆ ನೀರು ಹೋಗದ ಪ್ಲಾಸ್ಟರ್ ಹಾಕಿ, ಕೊಳದ ದಂಡೆಯಲ್ಲಿ, ಶವರಿನಲ್ಲಿ ಚಪ್ಪಲಿ ಇರಲಿ. ಕಲ್ಲಿನ ಹಂಚಿಕೆ ನಿಲ್ಲಿಸಿ. ಟವೆಲ್ ಬೇರೆ ಬೇರೆ ಮಾಡಿ.

ಹಳೇಮನೆ_ಕಾರ್ಕಳ · ಜುಲೈ 8

ತಾನಾಗಿ ಹೋಗುತ್ತದೆ ಅಂದಾಗ ನೆನಪಾಯಿತು. ಅಜ್ಜಿ ನರುಲಿಗೆ ದೇವಸ್ಥಾನಕ್ಕೆ ಉಪ್ಪು, ಬೆಲ್ಲ ಹರಕೆ ಹೇಳುತ್ತಿದ್ದರು. ನನ್ನ ತಂಗಿಗೆ ಹಾಗೇ ಹೋಗಿತ್ತು. ಗೇರೆಣ್ಣೆಯ ಮಾತು ನಾನು ಹಿಂದೆ ತಗೊಳ್ಳುತ್ತೇನೆ. ಗೇರುಗುಡ್ಡೆಯವರ ಅಮ್ಮನ ಬೆರಳಿನ ವಿಷಯ ಓದಿ ಬೇಜಾರಾಯಿತು. ಹರಕೆ ಮಾತ್ರ ಬಿಡುವುದಿಲ್ಲ, ಅದರಿಂದ ಯಾರ ಕಾಲೂ ಸುಡುವುದಿಲ್ಲ.

ಮಲ್ಪೆ_ಬೋಟು · ಜುಲೈ 8

ನಮ್ಮಲ್ಲಿ ಕೆಲವರು ಗಟ್ಟಿ ಟೇಪ್ ಒಂದನ್ನೇ ವಾರಗಟ್ಟಲೆ ಸುತ್ತಿಟ್ಟರೆ ಸಾಕು ಅನ್ನುತ್ತಾರೆ. ಹೌದಾ ಡಾಕ್ಟ್ರೇ?

ಚರ್ಮದ_ಡಾಕ್ಟ್ರು · ಜುಲೈ 9

2002ರಲ್ಲಿ ಒಂದು ಸಣ್ಣ ಅಧ್ಯಯನದಲ್ಲಿ ಒಳ್ಳೆಯ ಫಲ ಬಂದಿತ್ತು, ಅಲ್ಲಿಂದ ಆ ಮಾತು ಹಬ್ಬಿತು. ಆಮೇಲಿನ ಪರೀಕ್ಷೆಗಳಲ್ಲಿ ಹಾಗೆ ಕಾಣಲಿಲ್ಲ. ಪೇಂಟ್‌ನ ಮೇಲೆ ಮುಚ್ಚಲು ಟೇಪ್ ಒಳ್ಳೆಯದೇ.

ಇನ್ನೊಂದು ಮಾತು ಎಲ್ಲರಿಗೂ. ಅಂಗಾಲಿನ ಕಪ್ಪು ಎಲ್ಲವೂ ನರುಲಿಯ ಚುಕ್ಕೆಯಲ್ಲ. ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ, ಅಂಚು ಒರಟೊರಟು, ಬಣ್ಣ ಒಂದೇ ಸಮ ಇಲ್ಲ, ಮುಟ್ಟದೆಯೇ ರಕ್ತ, ತಿಂಗಳಾದರೂ ಆರದ ಹುಣ್ಣು, ಇಂಥದಕ್ಕೆ ಮನೆಮದ್ದು ಮಾಡಬೇಡಿ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಆದರೆ ನಮ್ಮಂಥ ಕಂದು ಚರ್ಮದವರಿಗೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಬರುವುದು ಜಾಸ್ತಿ. ಆಣಿ ಅಂತ ಕ್ಯಾಪ್ ಹಾಕಿ ತಡ ಮಾಡಿದರೆ ಕಳೆದ ತಿಂಗಳುಗಳು ವಾಪಸ್ ಬರುವುದಿಲ್ಲ.

ಸೀರೆಅಂಗಡಿ_ಉಡುಪಿ · ಜುಲೈ 31

ಐದು ವಾರ ಆಯಿತು. ಮರಿಗಳಲ್ಲಿ ಒಂದು ಹೋಗಿದೆ. ದೊಡ್ಡದು ತೆಳ್ಳಗಾಗಿದೆ, ಈಗ ಚುಕ್ಕೆ ಮೂರೇ. ಸೇಲ್ ಮುಗಿಯಿತು. ನಡುವೆ ನಾಲ್ಕು ದಿನ ಸುಸ್ತಿಗೆ ಹಚ್ಚಲಿಲ್ಲ. ಅಷ್ಟಕ್ಕೇ ಮತ್ತೆ ದಪ್ಪವಾದದ್ದು ಕಣ್ಣಿಗೆ ಕಂಡಿತು. ಈಗ ಬಾಟಲಿಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟಿದ್ದೇನೆ, ಮಗನ ಕೈಗೆ ಸಿಗದಷ್ಟು ಎತ್ತರದಲ್ಲಿ. 12 ವಾರಕ್ಕೂ ಹೋಗದಿದ್ದರೆ ಮುಂದೇನು?

ಚರ್ಮದ_ಡಾಕ್ಟ್ರು · ಆಗಸ್ಟ್ 1

ಚುಕ್ಕೆ ಕಡಿಮೆಯಾಗುವುದು ಒಳ್ಳೆಯ ಗುರುತು. ಹೋಗದಿದ್ದರೆ ಬನ್ನಿ, ದಾರಿ ತುಂಬ ಉಂಟು. ಹೆಪ್ಪುಗಟ್ಟಿಸುವುದಿದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಹಾಕುವ ಎಂಎಂಆರ್ ಲಸಿಕೆಯನ್ನೋ ವಿಟಮಿನ್ ಡಿ3ಯನ್ನೋ ನರುಲಿಯೊಳಗೇ ಚುಚ್ಚಿ ದೇಹದ ರಕ್ಷಣಾ ಶಕ್ತಿಯನ್ನು ಅಲ್ಲಿಗೆ ಕರೆಯುವ ವಿಧಾನವನ್ನು ನಮ್ಮ ಕಡೆ ಹಲವು ವೈದ್ಯರು ಮಾಡುತ್ತಾರೆ. ಕೆಲವರಲ್ಲಿ ಒಂದಕ್ಕೆ ಚುಚ್ಚಿದರೆ ದೂರದ್ದೂ ಹೋಗುತ್ತದೆ.

ಪಡುಬಿದ್ರಿ_ಮಗ · ಆಗಸ್ಟ್ 19

ಅಪ್ಪನ ಗುಳಿ ಮುಚ್ಚಿದೆ. ದಿನಾ ರಾತ್ರಿ ಊಟದ ಮೇಲೆ ಅಪ್ಪನ ಎರಡೂ ಪಾದ ನಾನು ನೋಡುತ್ತೇನೆ, ಬೆರಳ ಸಂದಿಯನ್ನೂ. ಮೊದಲು ನಾಚಿಕೊಂಡು ಕಾಲು ಎಳೆದುಕೊಳ್ಳುತ್ತಿದ್ದರು. ಈಗ ಅವರೇ ಕಾಲು ನೀಡುತ್ತಾರೆ.

ಸೀರೆಅಂಗಡಿ_ಉಡುಪಿ · ಸೆಪ್ಟೆಂಬರ್ 20

12 ವಾರ ದಾಟಿತು. ಅಷ್ಟಮಿಯ ಗಡಿಬಿಡಿಯಲ್ಲೂ ಒಂದು ರಾತ್ರಿ ಬಿಡಲಿಲ್ಲ. ಮೂರು ದಿನದ ಹಿಂದೆ ಉಜ್ಜುವಾಗ ತೆಗೆಯಲು ಏನೂ ಸಿಗಲಿಲ್ಲ. ನಮ್ಮವರು ಮತ್ತೆ ಟಾರ್ಚ್ ಹಾಕಿ ಫೋಟೋ ತೆಗೆದರು. ಜೂನ್ ತಿಂಗಳ ಫೋಟೋದ ಪಕ್ಕದಲ್ಲಿಟ್ಟು ನೋಡಿದೆವು. ಚುಕ್ಕೆ ಇಲ್ಲ. ಮೊದಲು ಅಂಚಿನಲ್ಲಿ ತುಂಡಾಗಿದ್ದ ಗೆರೆಗಳು ಈಗ ಆ ಜಾಗದ ಮೇಲೆ ಹಾದು ಆಚೆ ಹೋಗಿವೆ. ಚಿವುಟಿದೆ, ನೋವಿಲ್ಲ.

ಪೇಂಟ್ ನಿಲ್ಲಿಸಬಹುದಾ ಡಾಕ್ಟ್ರೇ? ಉಜ್ಜುವ ಪಟ್ಟಿ ಇಟ್ಟುಕೊಳ್ಳಲಾ?

ಚರ್ಮದ_ಡಾಕ್ಟ್ರು · ಸೆಪ್ಟೆಂಬರ್ 20

ತುಂಬ ಖುಷಿಯಾಯಿತು. ಗೆರೆ ವಾಪಸ್ ಬಂದರೆ ನಿಲ್ಲಿಸಬಹುದು. ಪಟ್ಟಿ ಬಿಸಾಡಿ. ಇನ್ನೆರಡು ಮೂರು ತಿಂಗಳು ವಾರಕ್ಕೊಮ್ಮೆ ಆ ಜಾಗ ನೋಡುತ್ತಿರಿ. ಮಗನದು ಹೇಗಿದೆ?

ಸೀರೆಅಂಗಡಿ_ಉಡುಪಿ · ಸೆಪ್ಟೆಂಬರ್ 21

ಅವನದು ಹಾಗೇ ಉಂಟು. ದೊಡ್ಡದೂ ಆಗಿಲ್ಲ, ಸಣ್ಣದೂ ಆಗಿಲ್ಲ. ಆದಿತ್ಯವಾರ ಆದಿತ್ಯವಾರ ಅವನೇ ಚುಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ನಿನ್ನೆಯ ಲೆಕ್ಕ ನಾಲ್ಕು. ಬಚ್ಚಲಿನ ಕಲ್ಲನ್ನು ಅತ್ತೆಯೇ ಕಿತ್ತು ತೆಂಗಿನ ಮರದ ಬುಡಕ್ಕೆ ಹಾಕಿಸಿದರು.